ತಾಳಮದ್ದಳೆಯ ಟಿಪ್ಪಣಿಯಿಂದ ಸಿವಿಇ ಸಂಖ್ಯೆಯವರೆಗೆ: ಒಂದು ಭದ್ರತಾ ದೋಷವನ್ನು ವರದಿ ಮಾಡಿದ ಏಳು ತಿಂಗಳು

ಅಪ್ಪಯ್ಯ 1980ರ ದಶಕದಲ್ಲಿ ಕುಂದಾಪುರದ ಸುತ್ತಮುತ್ತ ನಡೆದ ತಾಳಮದ್ದಳೆ ಕೂಟಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಧ್ವನಿ ಹಿಡಿದಿಟ್ಟ 62 ಕ್ಯಾಸೆಟ್‌ಗಳು ನಮ್ಮ ಮನೆಯಲ್ಲಿವೆ. ಮಳೆಗಾಲದ ತೇವಕ್ಕೆ ಅವುಗಳಲ್ಲಿ ಕೆಲವಕ್ಕೆ ಬೂಷ್ಟು ಹಿಡಿಯತೊಡಗಿದ್ದರಿಂದ, ಕಳೆದ ವರ್ಷ ಎಲ್ಲವನ್ನೂ ಬೆಂಗಳೂರಿಗೆ ತಂದು, ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸುವ ಕೆಲಸ ಹಿಡಿದೆ. ಅದಕ್ಕಾಗಿ 5,200 ರೂಪಾಯಿ ಕೊಟ್ಟು ಒಂದು ಆಡಿಯೊ ಎಡಿಟಿಂಗ್ ತಂತ್ರಾಂಶವನ್ನು ಕೊಂಡಿದ್ದೆ. ವಿದೇಶದ ಸಣ್ಣ ಕಂಪನಿಯೊಂದು ತಯಾರಿಸಿದ, ವಿಂಡೋಸ್‌ನಲ್ಲಿ ನಡೆಯುವ 32 ಬಿಟ್ ತಂತ್ರಾಂಶವದು. ಅದರಲ್ಲಿ ನಾನು ಕಂಡ ಭದ್ರತಾ ದೋಷಕ್ಕೆ ಸಿವಿಇ ಸಂಖ್ಯೆ, ಅಂದರೆ ತಂತ್ರಾಂಶ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಪ್ರತಿ ದೋಷಕ್ಕೂ ಕೊಡುವ ಗುರುತಿನ ಸಂಖ್ಯೆ, ಸಿಕ್ಕ ಕಥೆಯಿದು. ತಂತ್ರಾಂಶದ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಹಳೆಯ ಆವೃತ್ತಿಯನ್ನೇ ಬಳಸುತ್ತಿರುವವರು ಇನ್ನೂ ಇದ್ದಾರೆ, ದೋಷದ ಪೂರ್ಣ ವಿವರ ಪ್ರಕಟವಾಗಲು ಒಪ್ಪಿಕೊಂಡ ದಿನ ಇನ್ನೂ ಬಂದಿಲ್ಲ.

ಪ್ರತಿಯೊಂದು ವೇವ್ ಫೈಲಿನ ಟಿಪ್ಪಣಿಯ ಜಾಗದಲ್ಲಿ ಅಪ್ಪಯ್ಯನ ಹಳೆಯ ನೋಟ್‌ಬುಕ್ಕಿನಲ್ಲಿದ್ದ ವಿವರಗಳನ್ನು, ಅಂದರೆ ಪ್ರಸಂಗ, ಊರು, ದಿನ, ಭಾಗವತರು, ಮದ್ದಳೆಗಾರರು, ಅರ್ಥಧಾರಿಗಳ ಹೆಸರುಗಳನ್ನು ಕನ್ನಡದಲ್ಲಿಯೇ ಬರೆದು ಉಳಿಸುತ್ತಿದ್ದೆ. ಜೂನ್ ತಿಂಗಳ ಒಂದು ಭಾನುವಾರ ಹಿಂದಿನ ವಾರ ಉಳಿಸಿದ್ದ ಫೈಲೊಂದನ್ನು ತೆರೆಯಲು ಹೋದಾಗ, ಯಾವ ಸಂದೇಶವನ್ನೂ ತೋರಿಸದೆ ತಂತ್ರಾಂಶವೇ ಪರದೆಯಿಂದ ಮಾಯವಾಯಿತು. ಮತ್ತೆ ತೆರೆದೆ, ಮತ್ತೆ ಹಾಗೆಯೇ ಆಯಿತು. ಅಲ್ಲಿಯವರೆಗೆ ಇಳಿಸಿದ್ದ 41 ಫೈಲುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ 17 ತೆರೆಯಲಿಲ್ಲ. ಆ ಕ್ಯಾಸೆಟ್‌ಗಳಲ್ಲಿ ಎರಡರ ಟೇಪು ಇಳಿಸಿದ ಮೇಲೆ ತುಂಡಾಗಿತ್ತು. ಫೋನಿನಲ್ಲಿ ವಿಷಯ ತಿಳಿಸಿದಾಗ ಅಪ್ಪಯ್ಯ ಕೇಳಿದ್ದು ಒಂದೇ ಮಾತು: “ಹಾಗಾದರೆ ಆ ಎರಡು ಹೋದಂತೆಯೇ?” ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫೈಲುಗಳು ಹಾಳಾಗಿರಲಿಲ್ಲ. ಮೊಬೈಲಿನ ಪ್ಲೇಯರಿನಲ್ಲಿ ಹದಿನೇಳೂ ಸರಿಯಾಗಿಯೇ ಕೇಳಿದವು. ಇಂಥ ಪರಿಸ್ಥಿತಿಗೆ ಸಿಕ್ಕವರು ಮೊದಲು ಮಾಡಬೇಕಾದದ್ದು ಇದೇ: ಮೂಲ ಫೈಲುಗಳ ಪ್ರತಿ ತೆಗೆದಿಟ್ಟು, ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡಬೇಕು. ವೇವ್ ಫೈಲು ಎಂದರೆ ತುಂಡು ತುಂಡುಗಳನ್ನು ಜೋಡಿಸಿದ ಸರ; ಪ್ರತಿ ತುಂಡಿನ ತಲೆಯಲ್ಲಿ ನಾಲ್ಕು ಅಕ್ಷರದ ಹೆಸರು, ಅದರ ಹಿಂದೆ ನಾಲ್ಕು ಬೈಟಿನ ಅಳತೆ, ಆಮೇಲೆ ಸರಕು. ಧ್ವನಿ ಒಂದು ತುಂಡಿನಲ್ಲಿರುತ್ತದೆ, ಟಿಪ್ಪಣಿ ಇನ್ನೊಂದರಲ್ಲಿ. ಬಹಳಷ್ಟು ಪ್ಲೇಯರುಗಳು ಟಿಪ್ಪಣಿಯ ತುಂಡನ್ನು ಮುಟ್ಟದೆ ಮುಂದೆ ಸಾಗುವುದರಿಂದ ಅಲ್ಲಿ ಧ್ವನಿ ಕೇಳಿತು, ಎಡಿಟರು ಮಾತ್ರ ಕುಸಿಯಿತು. ಹಾಗಾದರೆ ತೊಂದರೆ ಟಿಪ್ಪಣಿಯಲ್ಲಿಯೇ ಇರಬೇಕೆಂದು ಊಹಿಸಿ, ಒಂದು ಫೈಲಿನ ಪ್ರತಿಯಲ್ಲಿ ಟಿಪ್ಪಣಿಯನ್ನು ಚಿಕ್ಕದಾಗಿಸಿದೆ. ಅದು ತೆರೆಯಿತು. ಚಿಕ್ಕ ಪೈಥಾನ್ ಸ್ಕ್ರಿಪ್ಟೊಂದನ್ನು ಬರೆದು ಹದಿನೇಳರಿಂದಲೂ ಟಿಪ್ಪಣಿಗಳನ್ನು ತೆಗೆದು ಬೇರೆ ಪಠ್ಯ ಫೈಲಿನಲ್ಲಿಟ್ಟಾಗ ಅಪ್ಪಯ್ಯನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಉದ್ದ ಬರೆದರೆ ತಂತ್ರಾಂಶ ಯಾಕೆ ಕುಸಿಯಬೇಕು?

ಉತ್ತರ ನಮ್ಮ ಲಿಪಿಯಲ್ಲಿತ್ತು. ‘ತಾಳಮದ್ದಳೆ’ ಎಂಬ ಪದ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರು ಅಕ್ಷರಗಳಿಗೆ ಬಳಸುವ ಯೂನಿಕೋಡ್ ಎಂಬ ಸಂಕೇತಪಟ್ಟಿಯಲ್ಲಿ ಒತ್ತು, ಕೊಂಬು, ದೀರ್ಘಗಳೆಲ್ಲ ಬೇರೆ ಬೇರೆ ಸಂಕೇತಗಳಾದ್ದರಿಂದ ಅದು ಒಂಬತ್ತು ಸಂಕೇತ. ಆ ಸಂಕೇತಗಳನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. ಅಲ್ಲಿಗೆ 27 ಬೈಟ್ ಆಯಿತು. ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 11 ಬೈಟ್ ಸಾಕು. ತಂತ್ರಾಂಶವನ್ನು ಬರೆದವರು ಟಿಪ್ಪಣಿಯನ್ನು ಓದಿಕೊಳ್ಳಲು 256 ಬೈಟಿನ ಒಂದು ಜಾಗವನ್ನು ಕಾದಿರಿಸಿದ್ದರು. ಕೊನೆಯ ಗುರುತಿಗೆ ಒಂದು ಬೈಟ್ ಬಿಟ್ಟರೆ ಉಳಿಯುವುದು 255. ಅದರಲ್ಲಿ ಹಿಡಿಯುವುದು 85 ಕನ್ನಡ ಸಂಕೇತ, ಎಂದರೆ ಸುಮಾರು ಹನ್ನೆರಡು ಪದ. ಒಬ್ಬ ಭಾಗವತರು, ಇಬ್ಬರು ಹಿಮ್ಮೇಳದವರು, ನಾಲ್ವರು ಅರ್ಥಧಾರಿಗಳ ಹೆಸರು ಬರೆಯುವಷ್ಟರಲ್ಲಿ ಆ ಜಾಗ ತುಂಬಿ ಹೋಗುತ್ತದೆ. ಇಂಗ್ಲಿಷಿನಲ್ಲಿ 255 ಅಕ್ಷರದ ಟಿಪ್ಪಣಿಯನ್ನು ಬರೆಯುವವರು ಕಡಿಮೆ. ಈ ದೋಷ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಅದೇ ಕಾರಣವಿರಬೇಕು ಎಂಬುದು ನನ್ನ ಅಭಿಪ್ರಾಯ.

ಹೀಗೆ ಕಾದಿರಿಸಿದ ಜಾಗ (ಇದನ್ನು ಬಫರ್ ಎನ್ನುತ್ತಾರೆ) ತುಂಬಿದ ಮೇಲೆ ಏನಾಗುತ್ತದೆ ಎಂಬುದು ಬಫರ್ ಓವರ್‌ಫ್ಲೋದ ತಿರುಳು. ಪಾವು ಹಿಡಿಯುವ ಪಾತ್ರೆಗೆ ಸೇರು ಅಕ್ಕಿ ಸುರಿದರೆ ಮಿಕ್ಕ ಅಕ್ಕಿ ಪಕ್ಕದಲ್ಲಿರುವುದರ ಮೇಲೆ ಬೀಳುತ್ತದೆ. ಅಕ್ಕಿಯ ವಿಷಯದಲ್ಲಿ ಅದು ನಷ್ಟವಷ್ಟೇ. ಕಂಪ್ಯೂಟರಿನ ಸ್ಟ್ಯಾಕ್ ಎಂಬ ಸ್ಮೃತಿಭಾಗದಲ್ಲಿ ಬಫರಿನ ಪಕ್ಕದಲ್ಲಿಯೇ, ಈ ಕೆಲಸ ಮುಗಿದ ಮೇಲೆ ಪ್ರೊಸೆಸರ್ ಎಲ್ಲಿಗೆ ಮರಳಬೇಕು ಎಂಬ ವಿಳಾಸವಿರುತ್ತದೆ. ಟಿಪ್ಪಣಿ ಉಕ್ಕಿ ಆ ವಿಳಾಸವನ್ನು ಅಳಿಸಿದರೆ ಪ್ರೊಸೆಸರ್ ಇಲ್ಲದ ಊರಿಗೆ ಹೊರಡುತ್ತದೆ, ತಂತ್ರಾಂಶ ಕುಸಿಯುತ್ತದೆ. ಆದರೆ ದುರುದ್ದೇಶವಿರುವವನು ಲೆಕ್ಕ ಹಾಕಿ ಆ ಜಾಗದಲ್ಲಿ ತನಗೆ ಬೇಕಾದ ವಿಳಾಸವನ್ನು ಬರೆದನೆಂದರೆ, ನನ್ನ ಕಂಪ್ಯೂಟರು ಅವನು ಹೇಳಿದ ಕೆಲಸ ಮಾಡುತ್ತದೆ. 1988ರ ನವೆಂಬರ್ 2ರಂದು ಅಂತರ್ಜಾಲದಲ್ಲಿ ಹರಡಿದ ಮಾರಿಸ್ ವರ್ಮ್ ಎಂಬ, ತಾನಾಗಿ ಹರಡುವ ಪ್ರೋಗ್ರಾಮು ಬಳಸಿದ ದಾರಿಗಳಲ್ಲಿ ಇದೂ ಒಂದು. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ, ತಂತ್ರಾಂಶದ ಒಳಗನ್ನು ಪರೀಕ್ಷಿಸುವ ಡಿಬಗ್ಗರಾದ ವಿನ್‌ಡಿಬಗ್‌ನಲ್ಲಿ ಕುಸಿತವನ್ನು ಹಿಡಿದು ನೋಡಿದಾಗ, ಮರಳುವ ವಿಳಾಸದ ಜಾಗದಲ್ಲಿ ‘ಇ0, ಬಿ2’ ಎಂಬ ಬೈಟುಗಳು ಕಂಡವು. ‘ಇ0 ಬಿ2 95’ ಎಂದರೆ ಯುಟಿಎಫ್-8ರಲ್ಲಿ ‘ಕ’. ಯಾರೋ ಅರ್ಥಧಾರಿಗಳ ಹೆಸರಿನ ಒಂದು ಚೂರು ಪ್ರೊಸೆಸರಿನ ದಾರಿಯಲ್ಲಿ ಕುಳಿತಿತ್ತು. ಅದನ್ನು ಕಂಡಾಗ ನನಗೆ ಭಯವೇ ಆಯಿತು.

ಮುಂದಿನ ಪರೀಕ್ಷೆಗಳನ್ನು ಮನೆಯ ಕಂಪ್ಯೂಟರಿನಲ್ಲಿ ಮಾಡಲು ಮನಸ್ಸಾಗದೆ, ಎಸ್.ಪಿ. ರಸ್ತೆಯಲ್ಲಿ 13,500 ರೂಪಾಯಿಗೆ ಹಳೆಯ ಲ್ಯಾಪ್‌ಟಾಪ್ ಕೊಂಡು, ನೆಟ್‌ವರ್ಕ್‌ಗೆ ಜೋಡಿಸದೆ ಬಳಸಿದೆ. ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಪ್ರತ್ಯೇಕವಾಗಿ ನಡೆಸುವ ಇನ್ನೊಂದು ಕಂಪ್ಯೂಟರು) ಬಳಸಲು ಬರುವವರಿಗೆ ಈ ಖರ್ಚು ಬೇಡ. ಒಂದು ಸೆಕೆಂಡಿನ ಮೌನವಿರುವ, ಹತ್ತು ಸಾವಿರ ಬೈಟಿಗೂ ಕಡಿಮೆ ಗಾತ್ರದ ವೇವ್ ಫೈಲನ್ನು ಸಿದ್ಧಪಡಿಸಿ, ಅದರ ಟಿಪ್ಪಣಿಯಲ್ಲಿ ಎಲ್ಲಿಯೂ ಪುನರಾವರ್ತನೆಯಾಗದ ನಾಲ್ಕು ನಾಲ್ಕು ಬೈಟುಗಳ ಸರಣಿಯನ್ನು ತುಂಬಿದೆ. 268 ಬೈಟ್ ದಾಟಿದ ನಂತರದ ನಾಲ್ಕು ಬೈಟುಗಳೇ ಮರಳುವ ವಿಳಾಸವಾಗುತ್ತಿದ್ದುದು ಸ್ಪಷ್ಟವಾಯಿತು. ಒಂದೆರಡು ಅಕ್ಷರ ಮಾತ್ರ ಹೆಚ್ಚಾಗಿದ್ದ ಫೈಲುಗಳು ಕುಸಿಯದೆ ತೆರೆಯುತ್ತಿದ್ದುದೇಕೆ ಎಂಬುದೂ ಇದರಿಂದ ತಿಳಿಯಿತು. ನಡೆಯುತ್ತಿರುವ ತಂತ್ರಾಂಶಗಳ ವಿವರ ತೋರಿಸುವ ಪ್ರೊಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ, ವಿಂಡೋಸ್ ವಿಸ್ಟಾದ ಕಾಲದಿಂದಲೂ ಲಭ್ಯವಿರುವ ವಿಳಾಸ ಕಲಸುವ ರಕ್ಷಣೆಯನ್ನು, ಅಂದರೆ ದಾಳಿಕೋರ ಊಹಿಸಲಾಗದಂತೆ ಸ್ಮೃತಿಯ ವಿಳಾಸಗಳನ್ನು ಬದಲಿಸುವ ಏರ್ಪಾಡನ್ನು, ಈ ತಂತ್ರಾಂಶ ಬಳಸಿಕೊಂಡೇ ಇರಲಿಲ್ಲ. ನಾನು ಇಲ್ಲಿಗೆ ನಿಲ್ಲಿಸಿದೆ. ವಿಳಾಸ ನಮ್ಮ ಹಿಡಿತಕ್ಕೆ ಬರುತ್ತದೆ ಎಂದು ತೋರಿಸಿದರೆ ಸಾಕು, ದಾಳಿಯ ಸಂಕೇತವನ್ನು ಬರೆಯುವ ಅಗತ್ಯ ವರದಿ ಮಾಡುವವರಿಗೆ ಇಲ್ಲ.

ಜುಲೈ ಮೊದಲ ವಾರ ವರದಿ ಸಿದ್ಧವಾಯಿತು. ಅದರಲ್ಲಿ ಇರಬೇಕಾದವು ಇಷ್ಟು: ತಂತ್ರಾಂಶದ ಆವೃತ್ತಿ, ವಿಂಡೋಸ್‌ನ ಆವೃತ್ತಿ, ಕುಸಿತವನ್ನು ಉಂಟುಮಾಡುವ ಮಾದರಿ ಫೈಲು ಮತ್ತು ಅದರ ಶಾ-256 ಮೊತ್ತ (ಫೈಲು ಬದಲಾಗಿಲ್ಲವೆಂದು ತಿಳಿಯುವ ಗುರುತು), ಕುಸಿತವನ್ನು ಮರುಕಳಿಸುವ ಹಂತಗಳು, ಡಿಬಗ್ಗರಿನ ಚಿತ್ರ, ಇದರಿಂದ ಏನಾಗಬಹುದು ಎಂಬ ಒಂದು ಪ್ಯಾರಾ, ಮತ್ತು ವಿವರಗಳನ್ನು ಯಾವಾಗ ಪ್ರಕಟಿಸುವಿರಿ ಎಂಬ ದಿನಾಂಕ. ಈ ಕೊನೆಯದನ್ನು ಬೆದರಿಕೆಯಂತೆ ಕೇಳದ ಹಾಗೆ ಬರೆಯುವುದು ಕಷ್ಟ. 90 ದಿನ ಎಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅವಧಿ ಎಂದು ತಿಳಿಸಿ ನಾನು ಅದನ್ನೇ ಕೇಳಿಕೊಂಡೆ. ಭದ್ರತಾ ವರದಿಗಳನ್ನು ಎಲ್ಲಿಗೆ ಕಳುಹಿಸಬೇಕೆಂದು ತಿಳಿಸುವ ಸೆಕ್ಯೂರಿಟಿ ಟಿಎಕ್ಸ್‌ಟಿ ಎಂಬ ಫೈಲನ್ನು ಜಾಲತಾಣದಲ್ಲಿ ಇಡುವ ಪದ್ಧತಿಗೆ 2022ರಲ್ಲಿ ಅಧಿಕೃತ ರೂಪ ಸಿಕ್ಕಿದೆ. ಈ ಕಂಪನಿಯ ತಾಣದಲ್ಲಿ ಅದು ಇರಲಿಲ್ಲವಾದ್ದರಿಂದ ಸಾಮಾನ್ಯ ಗ್ರಾಹಕ ಸೇವೆಯ ವಿಳಾಸಕ್ಕೇ ಕಳುಹಿಸಬೇಕಾಯಿತು. ಮಾದರಿ ಫೈಲನ್ನು ಮೊದಲ ಪತ್ರಕ್ಕೆ ಲಗತ್ತಿಸದೆ, ಸಂಬಂಧಪಟ್ಟ ಎಂಜಿನಿಯರು ಸಿಕ್ಕ ಮೇಲೆ ಕಳುಹಿಸುವುದಾಗಿ ಬರೆದೆ.

ಯಂತ್ರದ ಉತ್ತರ ಅದೇ ನಿಮಿಷದಲ್ಲಿ ಬಂತು. ಮನುಷ್ಯರ ಉತ್ತರಕ್ಕೆ ಒಂಬತ್ತು ದಿನ ಹಿಡಿಯಿತು, ಅದೂ ಪರವಾನಗಿಯ ಸಂಖ್ಯೆ ಮತ್ತು ಖರೀದಿಯ ರಸೀದಿಯನ್ನು ಕೇಳುವುದಕ್ಕೆ. ರಸೀದಿ ಹಳೆಯ ಕಚೇರಿಯ ಇ-ಮೇಲ್ ಖಾತೆಯಲ್ಲಿತ್ತು, ಅದು ಮುಚ್ಚಿಹೋಗಿತ್ತು. ಬ್ಯಾಂಕಿನ ಕಾರ್ಡ್ ಪಟ್ಟಿಯನ್ನು ತೆಗೆಸಿ, ಆ ಒಂದು ಸಾಲನ್ನು ಬಿಟ್ಟು ಉಳಿದುದನ್ನು ಮುಚ್ಚಿ ಕಳುಹಿಸಿದೆ. ಮತ್ತೆ ಎರಡು ವಾರಗಳ ನಂತರ ಎರಡು ಸಾಲಿನ ಪತ್ರ ಬಂತು. ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ, ಚಿಕ್ಕದಾಗಿ ಬರೆಯಬೇಕೆಂದು ಸಲಹೆ ಕೊಟ್ಟು ನನ್ನ ದೂರನ್ನು ಮುಚ್ಚಿದ್ದರು. ಆ ಪತ್ರ ನನ್ನನ್ನು ಬಹಳ ನೋಯಿಸಿತು. ನನ್ನ ಭಾಷೆಯೇ ತಪ್ಪೆಂಬಂತೆ ಬರೆದಿದ್ದಾರಲ್ಲ ಎಂಬ ಸಿಟ್ಟು ಒಂದು ಕಡೆ. ಅಪರಿಚಿತನೊಬ್ಬ ಕಳುಹಿಸಿದ ವೇವ್ ಫೈಲನ್ನು ತೆರೆಯುವ ಪ್ರತಿಯೊಬ್ಬ ಧ್ವನಿಮುದ್ರಕ, ಪ್ರತಿಯೊಬ್ಬ ಸಂಗೀತ ವಿದ್ಯಾರ್ಥಿ ಅಪಾಯದಲ್ಲಿದ್ದಾನೆ ಎಂಬುದು ಇವರಿಗೆ ಕಾಣುತ್ತಿಲ್ಲವಲ್ಲ ಎಂಬ ಸಂಕಟ ಇನ್ನೊಂದು ಕಡೆ. ಎಲ್ಲವನ್ನೂ ಅಂದೇ ಬಹಿರಂಗಪಡಿಸಿಬಿಡೋಣ ಎನಿಸಿತು. ಎರಡು ದಿನ ಕಂಪ್ಯೂಟರನ್ನು ಮುಟ್ಟದೆ ಇದ್ದುದರಿಂದ ಆ ತಪ್ಪು ನಡೆಯಲಿಲ್ಲ. ಇಂಥ ಪತ್ರ ಬಂದ ದಿನ ಯಾವ ಉತ್ತರವನ್ನೂ ಬರೆಯಬೇಡಿ ಎಂದು ಈ ದಾರಿಯಲ್ಲಿ ಬರುವವರನ್ನು ಕೇಳಿಕೊಳ್ಳುತ್ತೇನೆ.

ಈ ನಡುವೆ ಕಾನೂನಿನ ಭಯವೂ ಹುಟ್ಟಿತು. ತಂತ್ರಾಂಶದ ಒಪ್ಪಂದದಲ್ಲಿ ಅದನ್ನು ಬಿಚ್ಚಿ ನೋಡಬಾರದು ಎಂಬ ಷರತ್ತಿತ್ತು. ಪರಿಚಿತ ವಕೀಲರೊಬ್ಬರಿಗೆ 2,000 ರೂಪಾಯಿ ಶುಲ್ಕ ಕೊಟ್ಟು ಒಂದು ಗಂಟೆ ಮಾತನಾಡಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಕಲಮುಗಳು ಬೇರೆಯವರ ಕಂಪ್ಯೂಟರಿಗೆ ಅವರ ಅನುಮತಿಯಿಲ್ಲದೆ ಪ್ರವೇಶಿಸುವುದನ್ನು ಕುರಿತವು. ಅಪರಾಧ ಸಾಬೀತಾದರೆ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಾನು ಪರೀಕ್ಷಿಸಿದ್ದು ನನ್ನ ಸ್ವಂತ ಯಂತ್ರದಲ್ಲಿ, ಹಣ ಕೊಟ್ಟು ಕೊಂಡ ಪ್ರತಿಯನ್ನು. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿಯೂ, ಕಾನೂನುಬದ್ಧವಾಗಿ ಪ್ರತಿ ಪಡೆದವನು ಕಂಪ್ಯೂಟರ್ ಪ್ರೋಗ್ರಾಮು ನಡೆಯುವ ರೀತಿಯನ್ನು ಗಮನಿಸಿ, ಅಭ್ಯಸಿಸಿ, ಪರೀಕ್ಷಿಸುವುದಕ್ಕೆ ಅವಕಾಶವಿದೆ ಎಂದು ಅವರು ತೋರಿಸಿಕೊಟ್ಟರು. ಬೇರೊಬ್ಬರ ಜಾಲತಾಣದಲ್ಲಿಯೋ ಸರ್ವರಿನಲ್ಲಿಯೋ ದೋಷ ಹುಡುಕುವವರ ಸ್ಥಿತಿ ಪೂರ್ತಿ ಬೇರೆ. ಅವರು ನನ್ನ ಅನುಭವವನ್ನು ಆಧಾರವಾಗಿ ತೆಗೆದುಕೊಳ್ಳಬಾರದು.

ಮುಂದಿನ ಬಾಗಿಲು ಯಾವುದು ಎಂಬಲ್ಲಿ ನಾನೂ ತಪ್ಪು ತಿಳಿದಿದ್ದೆ. ನಮ್ಮ ದೇಶದಲ್ಲಿ 2004ರಿಂದ ಸರ್ಟ್-ಇನ್ ಎಂಬ, ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆ ಇದೆ, ದೋಷಗಳನ್ನು ವರದಿ ಮಾಡಲು ಅದರ ನಮೂನೆಯೂ ಇದೆ, ಸಿವಿಇ ಸಂಖ್ಯೆ ಕೊಡುವ ಅಧಿಕಾರವೂ ಅದಕ್ಕಿದೆ. ಆದ್ದರಿಂದ ಎಲ್ಲವೂ ಅಲ್ಲಿಯೇ ಮುಗಿಯುತ್ತದೆ ಎಂದುಕೊಂಡು ನಮೂನೆಯನ್ನು ಅರ್ಧ ತುಂಬಿದ್ದೆ. ಆಮೇಲೆ ಗಮನಿಸಿದರೆ, ಆ ಸಂಖ್ಯೆ ಕೊಡುವ ವ್ಯಾಪ್ತಿ ಭಾರತದಲ್ಲಿ ತಯಾರಾದ ಉತ್ಪನ್ನಗಳಿಗೆ ಸಂಬಂಧಿಸಿದ್ದು. ಭಾರತದ ತಂತ್ರಾಂಶದಲ್ಲಿ ದೋಷ ಕಂಡವರಿಗೆ ಅದೇ ಸರಿಯಾದ ಜಾಗ. ನನ್ನಂತೆ ವಿದೇಶದ ತಯಾರಕರ, ಅದರಲ್ಲಿಯೂ ತಾವೇ ಸಂಖ್ಯೆ ಕೊಡುವ ಅಧಿಕಾರ ಪಡೆಯದ ಸಣ್ಣ ಕಂಪನಿಯ ವಿಷಯವಾದರೆ, 1999ರಿಂದ ಈ ಪಟ್ಟಿಯನ್ನು ನಡೆಸುತ್ತಿರುವ ಅಮೆರಿಕದ ಮೈಟರ್ ಸಂಸ್ಥೆಯ ನಮೂನೆಯನ್ನು ತುಂಬಬಹುದು. ಶುಲ್ಕವಿಲ್ಲ. ತಯಾರಕರೊಂದಿಗೆ ಮಾತುಕತೆಗೆ ಸಹಾಯ ಬೇಕಾದ್ದರಿಂದ ನಾನು ಆಗಸ್ಟಿನಲ್ಲಿ ವಿದೇಶದ ಸಮನ್ವಯ ಸಂಸ್ಥೆಯೊಂದಕ್ಕೂ ಬರೆದೆ.

ಆ ವರದಿಯೊಂದಿಗೆ ಹಿಂದಿನ ಉದಾಹರಣೆಗಳನ್ನೂ ಸೇರಿಸಿದ್ದು ಉಪಯೋಗಕ್ಕೆ ಬಂತು. ಆಡಿಯೊ ಫೈಲಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ತೋರಿಸಲು ದಾಖಲೆಗಳಿವೆ. ಅಡಾಸಿಟಿ ಎಂಬ ಆಡಿಯೊ ಎಡಿಟರಿನ 1.3.6ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಉದ್ದನೆಯ ಪಠ್ಯವಿರುವ ಒಂದು ಬಗೆಯ ಫೈಲನ್ನು ತೆರೆದರೆ ಇದೇ ರೀತಿ ಸ್ಟ್ಯಾಕ್ ಉಕ್ಕುತ್ತಿತ್ತು, ಅದು ಸಿವಿಇ-2009-0490. ಹಲವು ಎಡಿಟರುಗಳು ಆಡಿಯೊ ಫೈಲುಗಳನ್ನು ಓದಲು ಬಳಸುವ ಲಿಬ್‌ಸ್ನ್ಡ್‌ಫೈಲ್ ಎಂಬ ಗ್ರಂಥಾಲಯದಲ್ಲಿ, ಅಂದರೆ ಬೇರೆ ತಂತ್ರಾಂಶಗಳು ಎರವಲು ಪಡೆಯುವ ಸಿದ್ಧ ಸಂಕೇತದ ಕಟ್ಟಿನಲ್ಲಿ, ಕಂಡ ದೋಷ ಸಿವಿಇ-2021-3246. ಭದ್ರತಾ ದೋಷ ಹುಡುಕುವವರ 2018ರ ಪ್ವನ್‌ಟುಓನ್ ಸ್ಪರ್ಧೆಯಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಸೋತದ್ದು ವೋರ್ಬಿಸ್ ಎಂಬ ಬಗೆಯ ಧ್ವನಿಯನ್ನು ಬಿಡಿಸುವ ಗ್ರಂಥಾಲಯದ ದೋಷದಿಂದ. ಧ್ವನಿ ಕೇಳಿಸುವ ಮೊದಲೇ, ಫೈಲನ್ನು ಓದುವಾಗಲೇ ಎಲ್ಲವೂ ಆಗಿಹೋಗಬಹುದು ಎಂಬುದನ್ನು ಈ ದಾಖಲೆಗಳು ನನ್ನ ಮಾತಿಗಿಂತ ಬಲವಾಗಿ ಹೇಳಿದವು.

ಹತ್ತೊಂಬತ್ತು ದಿನ ಏನೂ ಸುದ್ದಿಯಿಲ್ಲ. ಇಪ್ಪತ್ತನೆಯ ದಿನ, ಸಮನ್ವಯ ಸಂಸ್ಥೆಯ ಪತ್ರ ತಲುಪಿದ ನಂತರ, ಕಂಪನಿಯ ಎಂಜಿನಿಯರೊಬ್ಬರು ನೇರವಾಗಿ ನನಗೆ ಬರೆದರು. ಸೌಜನ್ಯದಿಂದ ಕ್ಷಮೆ ಕೇಳಿ, ಮಾದರಿ ಫೈಲನ್ನು ಕಳುಹಿಸುವಂತೆ ಕೋರಿದರು. ಗ್ರಾಹಕ ಸೇವೆಯವರು ನನ್ನ ವರದಿಯನ್ನು ಅವರಿಗೆ ದಾಟಿಸಿಯೇ ಇರಲಿಲ್ಲ. ಫೈಲನ್ನು ಪಿಜಿಪಿ ಎಂಬ ಗೂಢಲಿಪಿಯ ಬೀಗ ಹಾಕಿ ಕಳುಹಿಸಿದೆ. ಬೀಗವಿಲ್ಲದೆ ಜಿಪ್ ಮಾಡಿ ಕಳುಹಿಸಿದ್ದ ಮೊದಲ ಪ್ರತಿಯನ್ನು ಅವರ ಮೇಲ್ ಸರ್ವರು ದಾರಿಯಲ್ಲಿಯೇ ತೆಗೆದುಹಾಕಿದ್ದರಿಂದ ಒಂದು ವಾರ ನಷ್ಟವಾಯಿತು. ಇದು ನೆನಪಿನಲ್ಲಿರಲಿ.

ತೀವ್ರತೆಯ ಅಂಕದ ಬಗ್ಗೆ ಸ್ವಲ್ಪ ವಾದ ನಡೆಯಿತು. ಸಿವಿಎಸ್ಎಸ್ ಎಂಬ ಅಂಕಪದ್ಧತಿಯ ಲೆಕ್ಕದಲ್ಲಿ ಇದನ್ನು ‘ಲೋಕಲ್’ ದೋಷವೆಂದು ಗುರುತಿಸಬೇಕಾಗುತ್ತದೆ, ಆದ್ದರಿಂದ ಇದು ಸಣ್ಣದು ಎಂಬುದು ಕಂಪನಿಯ ವಾದ. ಆ ಪದಕ್ಕೆ ದಾಳಿಕೋರ ಕಂಪ್ಯೂಟರಿನ ಮುಂದೆಯೇ ಕುಳಿತಿರಬೇಕೆಂಬ ಅರ್ಥವಿಲ್ಲ. ಬಳಕೆದಾರನು ತನ್ನ ಯಂತ್ರದಲ್ಲಿ ಫೈಲನ್ನು ತೆರೆದಾಗ ದೋಷ ಕೆಲಸ ಮಾಡುತ್ತದೆ ಎಂದಷ್ಟೇ ಅರ್ಥ. ವಿಶೇಷ ಅಧಿಕಾರ ಬೇಡ, ಬಳಕೆದಾರ ಫೈಲು ತೆರೆದರೆ ಸಾಕು, ಪರಿಣಾಮ ಪೂರ್ಣ ಎಂದು ಲೆಕ್ಕ ಹಾಕಿದರೆ ಹತ್ತಕ್ಕೆ 7.8 ಬರುತ್ತದೆ, ಅದು ‘ಹೆಚ್ಚು’ ಎಂಬ ವರ್ಗಕ್ಕೆ ಸೇರುತ್ತದೆ. ಕೊನೆಗೆ ಅದೇ ನಿಂತಿತು.

ಅಕ್ಟೋಬರಿನಲ್ಲಿ ಬಂದ ಮೊದಲ ಪ್ಯಾಚ್ (ದೋಷದ ತಿದ್ದುಪಡಿ) ನನ್ನ ಮಾದರಿ ಫೈಲನ್ನು ಕುಸಿಯದೆ ತೆರೆಯಿತು. ಸಂತೋಷದಿಂದ ಉತ್ತರ ಬರೆಯುವ ಮುನ್ನ ಟಿಪ್ಪಣಿಯನ್ನು ಇನ್ನೂ ಉದ್ದಗೊಳಿಸಿ ನೋಡಿದೆ. ಮತ್ತೆ ಕುಸಿಯಿತು. ಅವರು 256ರ ಜಾಗವನ್ನು 1,024 ಮಾಡಿದ್ದರು, ಅಳತೆ ನೋಡುವ ಸಾಲನ್ನು ಸೇರಿಸಿರಲಿಲ್ಲ. ಪಾತ್ರೆ ದೊಡ್ಡದಾಯಿತು, ಅಳೆಯದೆ ಸುರಿಯುವುದು ಹಾಗೆಯೇ ಉಳಿಯಿತು. ತಯಾರಕರು ಕೊಟ್ಟ ತಿದ್ದುಪಡಿಯನ್ನು ಹಳೆಯ ಮಾದರಿಯಿಂದ ಮಾತ್ರ ಪರೀಕ್ಷಿಸಿ ಒಪ್ಪಿಕೊಳ್ಳಬಾರದು ಎಂಬುದನ್ನು ಇಲ್ಲಿ ಕಲಿತೆ.

ನವೆಂಬರಿನ ಎರಡನೆಯ ಪ್ಯಾಚ್ ಭದ್ರತೆಯ ದೃಷ್ಟಿಯಿಂದ ಸರಿಯಾಗಿತ್ತು: 255 ಬೈಟ್ ಓದಿ ಉಳಿದುದನ್ನು ಕತ್ತರಿಸುತ್ತಿತ್ತು. ಆದರೆ ಕನ್ನಡದ ನಡುವೆ ಬರುವ ಖಾಲಿ ಜಾಗ, ಅಲ್ಪವಿರಾಮಗಳು ಒಂದೊಂದು ಬೈಟಿನವಾದ್ದರಿಂದ ಕತ್ತರಿ ಅಕ್ಷರದ ನಡುವೆ ಬೀಳುತ್ತಿತ್ತು. ಕೊನೆಯ ಅಕ್ಷರದ ಜಾಗದಲ್ಲಿ ಪ್ರಶ್ನೆಗುರುತಿನ ಪೆಟ್ಟಿಗೆ ಕಾಣುತ್ತಿತ್ತು. ಫೈಲನ್ನು ಮತ್ತೆ ಉಳಿಸಿದರೆ ಕತ್ತರಿಸಿದ ಹೆಸರುಗಳು ಶಾಶ್ವತವಾಗಿ ಹೋಗುತ್ತಿದ್ದವು. ಇದನ್ನು ಹೇಳಲು ನನಗೆ ಸಂಕೋಚವಿತ್ತು. ಅಪಾಯ ತಪ್ಪಿದ ಮೇಲೂ ದೂರುತ್ತಾನೆ ಎಂದುಕೊಂಡಾರು ಎನಿಸಿತು. ಆದರೂ ಬರೆದೆ, ‘ತಾಳಮದ್ದಳೆ’ಯ 27 ಬೈಟಿನ ಲೆಕ್ಕವನ್ನು ಜೊತೆಗಿಟ್ಟು ಬರೆದೆ. ಕನ್ನಡವಷ್ಟೇ ಅಲ್ಲ, ಹಿಂದಿ, ತಮಿಳು, ತೆಲುಗು, ಮಲಯಾಳ, ಬಂಗಾಳಿಗಳ ಸಂಕೇತಗಳೂ ಮೂರು ಬೈಟಿನವೇ ಎಂದು ತಿಳಿಸಿದೆ. ಎಂಜಿನಿಯರು ಅದನ್ನು ಪ್ರತ್ಯೇಕ ದೋಷವೆಂದು ದಾಖಲಿಸಿಕೊಂಡು, ಟಿಪ್ಪಣಿಯ ಉದ್ದವನ್ನು ಮೊದಲು ಓದಿ, ಅದು ಫೈಲಿನ ಒಟ್ಟು ಗಾತ್ರವನ್ನು ಮೀರಿಲ್ಲವೆಂದು ಖಚಿತಪಡಿಸಿಕೊಂಡು, ಅಷ್ಟೇ ಜಾಗವನ್ನು ಪಡೆದುಕೊಳ್ಳುವಂತೆ ಹೊಸದಾಗಿ ಬರೆಯುವುದಾಗಿ ಒಪ್ಪಿದರು. 90 ದಿನ ಅಷ್ಟರಲ್ಲಿ ಮುಗಿದಿತ್ತು. ಕೆಲಸ ನಿಜವಾಗಿಯೂ ನಡೆಯುತ್ತಿದ್ದುದರಿಂದ ಗಡುವನ್ನು ವಿಸ್ತರಿಸಿದೆ. ಸುಮ್ಮನೆ ಕುಳಿತವರಿಗಾಗಿದ್ದರೆ ವಿಸ್ತರಿಸುತ್ತಿರಲಿಲ್ಲ.

ಮೂರನೆಯ ಪ್ಯಾಚ್ ಜನವರಿಯಲ್ಲಿ ಎಲ್ಲ ಬಳಕೆದಾರರಿಗೂ ಬಿಡುಗಡೆಯಾಯಿತು. ಸಿವಿಇ ಸಂಖ್ಯೆ ಈ ದೋಷಕ್ಕೆಂದು ಕಾದಿರಿಸಿದ ಸ್ಥಿತಿಯಲ್ಲಿದೆ, ವಿವರ ಪ್ರಕಟವಾದಾಗ ಕೃತಜ್ಞತೆಯ ಸಾಲಿನಲ್ಲಿ ನನ್ನ ಹೆಸರಿರುತ್ತದೆ. ಹಣದ ಬಹುಮಾನವಿಲ್ಲ, ನಾನು ಕೇಳಲೂ ಇಲ್ಲ. ತಂತ್ರಾಂಶದ ಬೆಲೆಯನ್ನು ಬಿಟ್ಟು ನನಗಾದ ಖರ್ಚು 15,500 ರೂಪಾಯಿ ಮತ್ತು ಬಹುಪಾಲು ಭಾನುವಾರಗಳು. ನೀವು ಯಾವುದೇ ಆಡಿಯೊ ಎಡಿಟರನ್ನು ಬಳಸುತ್ತಿರಲಿ, ಈ ವಾರ ಅದರ ಹೊಸ ಆವೃತ್ತಿ ಇದೆಯೇ ಎಂದು ನೋಡಿ ಹಾಕಿಕೊಳ್ಳಿ. ಗುರುತಿಲ್ಲದವರು ಕಳುಹಿಸಿದ ಧ್ವನಿ ಫೈಲನ್ನು ಮುಖ್ಯ ಕೆಲಸದ ಯಂತ್ರದಲ್ಲಿ ತೆರೆಯಬೇಡಿ.

ಸಂಕ್ರಾಂತಿಗೆ ಊರಿಗೆ ಹೋದಾಗ ಹದಿನೇಳು ಫೈಲುಗಳಿಗೂ ಟಿಪ್ಪಣಿಗಳನ್ನು ಮತ್ತೆ ಸೇರಿಸಿ, ಟೇಪು ತುಂಡಾಗಿದ್ದ ಎರಡರಲ್ಲಿ ಒಂದನ್ನು ಅಪ್ಪಯ್ಯನ ಎದುರಿನಲ್ಲಿ ತೆರೆದೆ. ಕೊನೆಯ ಅರ್ಥಧಾರಿಗಳ ಹೆಸರಿನವರೆಗೂ ಎಲ್ಲವೂ ಪರದೆಯ ಮೇಲೆ ಬಂತು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ಸ್ವಲ್ಪ ಹೊತ್ತು ಮದ್ದಳೆಯನ್ನು ಕೇಳಿ, “ಹೆಸರು ತಪ್ಪಾಗಿದೆ ಮಗಾ, ಆ ರಾತ್ರಿ ಮದ್ದಳೆಗೆ ಕುಳಿತವರು ಬೇರೆಯವರು, ಪುಸ್ತಕದಲ್ಲಿ ನಾನೇ ತಪ್ಪು ಬರೆದಿದ್ದೇನೆ” ಎಂದರು. ಸರಿಯಾದ ಹೆಸರು ಹಳೆಯದಕ್ಕಿಂತ ಉದ್ದವಿತ್ತು. ತಿದ್ದಿ, ಉಳಿಸಿ, ಮುಚ್ಚಿ, ಮತ್ತೆ ತೆರೆದೆ.